ತಂಬಿಗೆ ನೀರಿನ ಕರಾರು

ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಒಂದು ಕಾಗದ ತೂಗುತ್ತದೆ. ಅದರ ಮೇಲೆ ಒಂದೇ ಒಂದು ಅಕ್ಷರವಿಲ್ಲ. ಅಂಗೈಯಗಲದ ನೀಲಿ ಕಲೆಗಳಿವೆ, ಅಷ್ಟೆ. ಪ್ರತಿ ವರ್ಷ ಸೆಪ್ಟೆಂಬರ್ ಹದಿನೇಳಕ್ಕೆ, ಹೈದರಾಬಾದ್ ವಿಮೋಚನೆಯ ದಿನವೆಂದು, ನನ್ನ ದೊಡ್ಡಪ್ಪ ಅದಕ್ಕೊಂದು ಹಾರ ಹಾಕಿ, ಬಂದವರಿಗೆಲ್ಲ "ಇದು ನಮ್ಮ ಅಪ್ಪ ಬರಸಿದ್ದ ಕರಾರ್ರಿ, ಇದರ ಮ್ಯಾಲ ಒಂದು ಊರಿಗೆ ಊರೇ ಉಳದದ" ಎನ್ನುತ್ತಾನೆ. ಇದರಲ್ಲಿ ಏನು ಬರೆದಿದೆ ಎಂದು ಯಾರಾದರೂ ಕೇಳಿದರೆ ಚಹಾ ತರಿಸುತ್ತಾನೆ. ತನ್ನ ಅಪ್ಪ ಬರೆಸಿ ಪಕ್ಕದ ಊರಿಗೆ ಕಳಿಸಿದ ಕಾಗದ ತನ್ನ ಮನೆಯ ಗೋಡೆಯ ಮೇಲೆ ಹೇಗೆ ಬಂತು ಎನ್ನುವುದು ಅವನಿಗೆ ಇದುವರೆಗೂ ಹೊಳೆದಿಲ್ಲ. ನಾನೂ ಹೇಳಲು ಹೋಗಿಲ್ಲ.

ಆ ಅಪ್ಪ ನನಗೆ ಅಜ್ಜ. ಹೆಸರು ದತ್ತಾತ್ರಿ ಪಾಟೀಲ. ನಾನು ಬರೆಯಲು ಕೂತಿರುವುದು ಅವನ ವಿಷಯವಲ್ಲ. ಅವನ ವಿಷಯವನ್ನು ಬೇಕಾದಷ್ಟು ಜನ ಬರೆದಿದ್ದಾರೆ, ಬರೆಸಿದವರೂ ನಾವೇ. ನಾನು ಬರೆಯುತ್ತಿರುವುದು ಆ ಕಾಗದಗಳನ್ನು ಹೊತ್ತ ಗೋರಖನಾಥನ ವಿಷಯ.

ಗೋರಖನಾಥ ನಮ್ಮ ಊರು ಕಾರಗಾಂವದ ಕೇರಿಯವನು. ಊರಿನ ಹೊರಗೆ ಒಂಬತ್ತು ಗುಡಿಸಲು, ನಲವತ್ತೊಂದು ಜೀವ. ಅವನ ಮನೆತನಕ್ಕೆ ತಲೆತಲಾಂತರದಿಂದ ಬೇಗಾರಿ, ಅಂದರೆ ಕೂಲಿ ಇಲ್ಲದ ಚಾಕರಿ. ಸತ್ತ ದನ ಎಳೆಯಬೇಕು, ಹಲಗೆ ಬಾರಿಸಿ ಡಂಗುರ ಸಾರಬೇಕು, ಪಾಟೀಲರ ಕಾಗದ ಒಯ್ಯಬೇಕು. ಸುಗ್ಗಿಯಲ್ಲಿ ಕಣ ಗುಡಿಸಿದಾಗ ಮಣ್ಣಿನ ಜೊತೆ ಎಷ್ಟು ಜೋಳ ಬರುತ್ತದೋ ಅಷ್ಟು ಅವನದು. ಆಗ ಅವನಿಗೆ ಮೂವತ್ತರ ಆಸುಪಾಸು. ಹೆಂಡತಿ ಶೇವಂತಾಬಾಯಿ, ಎರಡು ಹೆಣ್ಣುಮಕ್ಕಳು. ಅಕ್ಷರ ಬರುತ್ತಿರಲಿಲ್ಲ, ಆದರೆ ಒಮ್ಮೆ ಕೇಳಿದ ಮಾತು ಕಿವಿಯಿಂದ ಜಾರುತ್ತಿರಲಿಲ್ಲ.

ಹತ್ತೊಂಬತ್ತು ನೂರಾ ನಲವತ್ತೇಳರ ಕೊನೆಯಲ್ಲಿ ದಿಲ್ಲಿಗೂ ಹೈದರಾಬಾದಿಗೂ ಒಂದು ಕರಾರಾಯಿತು. ಒಂದು ವರ್ಷ ಎಲ್ಲವೂ ಇದ್ದದ್ದು ಇದ್ದ ಹಾಗೇ ಇರಲಿ ಎಂದು. ಇದ್ದದ್ದು ಇದ್ದ ಹಾಗೆ ಇರಲಿಲ್ಲ ಎನ್ನುವುದೊಂದೇ ಅದರ ಕೊರತೆ. ನಿಮ್ಮ ಸಂಸ್ಥಾನದ ಹೆಸರಲ್ಲಿ ಬಂದೂಕು ಹಿಡಿದಿರುವ ರಜಾಕಾರರನ್ನು ಹಿಡಿತದಲ್ಲಿಡಿ ಎಂದು ದಿಲ್ಲಿಯವರು ಪತ್ರ ಬರೆಯುವುದು, ಮೊದಲು ನಮ್ಮ ಪೆಟ್ರೋಲು ಬಿಡಿ ಎಂದು ಹೈದರಾಬಾದಿನವರು ಪತ್ರ ಬರೆಯುವುದು. ದೊಡ್ಡ ದೊಡ್ಡ ಮಂದಿ ವಿಮಾನದಲ್ಲಿ ಹೋಗಿ, ಚಹಾ ಕುಡಿದು, ಅದೇ ವಿಮಾನದಲ್ಲಿ ಬರುತ್ತಿದ್ದರು. ಅಷ್ಟರಲ್ಲಿ ಬೀದರಿನ ಅಂಗಡಿಗಳಲ್ಲಿ ಚಿಮಣಿ ಎಣ್ಣೆ ಮಾಯವಾಯಿತು, ಉಪ್ಪು ಮಾಯವಾಯಿತು, ಬಸ್ಸುಗಳು ಬೆನ್ನಿಗೆ ಇದ್ದಲಿನ ಡ್ರಮ್ಮು ಕಟ್ಟಿಕೊಂಡು ಕೆಮ್ಮುತ್ತ ಓಡಾಡತೊಡಗಿದವು.

ಅಜ್ಜ ತೊಗರಿ ಮಾರಲು ಬೀದರಿನ ಗಂಜ್ ಪೇಟೆಗೆ ಹೋದಾಗ ದಲಾಲಿಯ ಅಡತಿ ಅಂಗಡಿಯಲ್ಲಿ ಯಾರೋ ಪತ್ರಿಕೆ ಓದುವುದನ್ನು ಕೇಳಿಸಿಕೊಂಡ. ರಾಜ್ಯ ಅಂದಮೇಲೆ ಪತ್ರ ಬರೆಯಬೇಕು, ಜವಾಬು ಬರಬೇಕು, ಜವಾಬಿಗೆ ಮತ್ತೆ ಜವಾಬು ಹೋಗಬೇಕು ಎನ್ನುವುದು ಅವನ ತಲೆಗೆ ಹತ್ತಿಬಿಟ್ಟಿತು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತಂತೆ, ಹಾಗೆ.

ಅವನಿಗೆ ನೆರೆರಾಜ್ಯವೂ ಸಿದ್ಧವಾಗಿತ್ತು. ನಮ್ಮ ಕಾರಗಾಂವ ಮಾಂಜ್ರಾ ಹೊಳೆಯ ಈ ದಡ, ಭಾಲ್ಕಿ ಕಡೆಯದು, ಒಬ್ಬ ಜಾಗೀರದಾರರ ಊರು. ಹೊಳೆಯಾಚೆಯ ಹಿಂಗಣವಾಡಿ ಔರಾದ ಕಡೆಯದು, ನೇರ ಸರ್ಕಾರದ ಊರು. ಅಲ್ಲಿಯ ಪಾಟೀಲ ಪಂಢರಿಗೆ ಎತ್ತರದ ಗೋಡೆಯ ಗಢಿ, ಅಂದರೆ ಕೋಟೆಯಂಥ ಮನೆ ಇತ್ತು, ದೋಣಿಯೂ ಅವನದೇ. ಹೊಳೆಯ ನಡುಗಡ್ಡೆಯ ಮೇಲೆ ಜಾಲಿ ಮರಗಳು ಕಾಡಿನಂತೆ ಬೆಳೆದಿದ್ದವು, ಅವು ಯಾರವೆಂದು ಇತ್ಯರ್ಥವಾಗಿರಲಿಲ್ಲ. ಅಂದರೆ ಉರುವಲಿನ ಪ್ರಶ್ನೆ ಒಂದು. ರಜಾಕಾರರು ಬಂದರೆ ಓಡಿಹೋಗಲು ಜಾಗ ಎಲ್ಲಿ ಎನ್ನುವ ಭದ್ರತೆಯ ಪ್ರಶ್ನೆ ಇನ್ನೊಂದು. ದಿಲ್ಲಿ, ಹೈದರಾಬಾದುಗಳ ಬಳಿಯೂ ಇದಕ್ಕಿಂತ ಹೆಚ್ಚಿನ ಪ್ರಶ್ನೆಗಳಿರಲಿಲ್ಲ ಎಂದು ಅಜ್ಜ ಹೆಮ್ಮೆಪಟ್ಟುಕೊಂಡಿರಬೇಕು.

ಇಬ್ಬರೂ ಪಾಟೀಲರು ಮಾತಾಡುವುದು ಕನ್ನಡ, ನಡುನಡುವೆ ಮರಾಠಿ. ದಡದಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹೊಳೆ. ಆದರೆ ಕಾಗದ ಉರ್ದುವಿನಲ್ಲೇ ಹೋಗಬೇಕು, ಇಲ್ಲದಿದ್ದರೆ ಅದು ಬೀಗರಿಗೆ ಬರೆದ ಕಾಗದವಾಗಿಬಿಡುತ್ತದೆ. ಇಬ್ಬರಿಗೂ ಉರ್ದುವಿನ ಒಂದಕ್ಷರ ಬಾರದು. ನಮ್ಮ ಕಡೆ ಬರೆಯಲು, ಓದಲು ಊರ ಸಾಲಿಯಲ್ಲಿ ಕಲಿಸುವ ಫಕ್ರೋದ್ದೀನ ಮುನ್ಶಿ ಇದ್ದ. ಮೆತ್ತಗಿನ ಮನುಷ್ಯ, ಯಾರ ಗೋಜಿಗೂ ಹೋಗದವನು. ಆ ಕಡೆ ಊರ ಲೆಕ್ಕ ಬರೆಯುವ ಪಟವಾರಿ ಕಾಶೀರಾಮ.

ಈಗ ಕಾಗದ ಹೇಗೆ ಹೋಗುತ್ತಿತ್ತು ಕೇಳಿ. ಅಜ್ಜ ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಹೇಳುತ್ತಿದ್ದ, ಮುನ್ಶಿ ಬರೆಯುತ್ತಿದ್ದ. ಗೋರಖನಾಥ ಇಪ್ಪತ್ತು ಹೆಜ್ಜೆ ದೂರ ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತಿರುತ್ತಿದ್ದ. ಮಡಿಚಿದ ಕಾಗದವನ್ನು ನೆಲಕ್ಕೆ ಹಾಕುತ್ತಿದ್ದರು. ಅವನು ಎತ್ತಿಕೊಂಡು ರುಮಾಲಿನ ತುದಿಗೆ ಕಟ್ಟಿ, ಹೊಳೆ ದಾಟಿ, ಪಂಢರಿ ಪಾಟೀಲನ ಗಢಿಯ ಮುಂದಿನ ಕರಿಕಲ್ಲಿನ ಮೇಲೆ ಇಡುತ್ತಿದ್ದ. ಕೈಗೆ ಕೊಡುವಂತಿಲ್ಲ. ಆಮೇಲೆ ಪಾಟೀಲನ ಹೆಂಡತಿ ಸುಂದರಬಾಯಿ ತಂಬಿಗೆ ತಂದು, ಕೇರಿಯವನು ಮುಟ್ಟಿದ ಆ ಕಾಗದಕ್ಕೆ ನೀರು ಚಿಮುಕಿಸಿ ಮೈಲಿಗೆ ಕಳೆದು ಒಳಗೆ ಒಯ್ಯುತ್ತಿದ್ದಳು. ಬೇರೆ ಯಾರಾದರೂ ಕಾಗದ ಒಯ್ಯಬಹುದಿತ್ತಲ್ಲ ಎನ್ನಬೇಡಿ. ಕಾಗದ ಒಯ್ಯುವುದು ಬೇಗಾರಿಯ ಕೆಲಸ. ಅದನ್ನು ಬೇರೆಯವರು ಮಾಡಿದರೆ ಅವರ ಜಾತಿಯ ಗತಿ ಏನಾಗಬೇಕು.

ಸರಕು ಬಿಡದ ದಿಲ್ಲಿಯ ನಾಕಾಬಂದಿಯಿಂದ ಒಳ್ಳೆಯ ಶಾಯಿ ಸಿಗುತ್ತಿರಲಿಲ್ಲ. ಮುನ್ಶಿ ಬರೆಯುತ್ತಿದ್ದುದು ಪುಡಿ ಕಲಸಿದ ತೆಳ್ಳಗಿನ ನೀಲಿ ಶಾಯಿಯಲ್ಲಿ. ಮೊದಲ ಕಾಗದದ ಮೇಲೆ ಸುಂದರಬಾಯಿ ನೀರು ಚಿಮುಕಿಸಿದ್ದೇ ತಡ, ಸಲಾಮು, ಖೈರಿಯತ್ತುಗಳೆಲ್ಲ ಕರಗಿ ನೀಲಿ ಕೆರೆಯಾದವು.

ಕಾಶೀರಾಮ ಕಾಗದವನ್ನು ಬೆಳಕಿಗೆ ಹಿಡಿದ. ತಲೆಕೆಳಗು ಮಾಡಿ ಹಿಡಿದ. ಓದಲು ಬರುತ್ತಿಲ್ಲ ಎಂದರೆ ಪಟವಾರಿಕೆಗೆ ಕುಂದು. ನೀರು ಹಾಕಿದ್ದೇ ತಪ್ಪು ಎಂದರೆ ಪಾಟೀಲ್ತಿಯ ಮಡಿಗೆ ಕುಂದು. ಗಂಟಲು ಸರಿಮಾಡಿಕೊಂಡು ಅಂಗಳದಾಚೆ ನಿಂತಿದ್ದ ಗೋರಖನಾಥನ ಕಡೆ ನೋಡಿದ.

"ನಿಮ್ಮ ಪಾಟೀಲ್ರು ಬಾಯಿಲೆ ಏನರ ಹೇಳಿ ಕಳಿಸ್ಯಾರೇನೋ?"

ಅಜ್ಜ ಹೇಳಿದ್ದನ್ನು ಗೋರಖನಾಥ ಒಂದು ಮಾತೂ ಬಿಡದೆ ಹೇಳಿದ. ಕಾಶೀರಾಮ ಬಲದಿಂದ ಎಡಕ್ಕೆ ಬೆರಳಾಡಿಸುತ್ತ, ಆ ನೀಲಿ ಕಲೆಗಳನ್ನು ಓದಿದಂತೆ ಮಾಡುತ್ತ, ಅದನ್ನೇ ಪಂಢರಿ ಪಾಟೀಲನಿಗೆ ಒಪ್ಪಿಸಿದ. "ಹೂಂ, ಇದರಾಗೂ ಅದೇ ಅದರಿ" ಎಂದ.

ಜವಾಬು ಬಂದಾಗ ನಮ್ಮ ಮನೆಯಲ್ಲೂ ಇದೇ ನಡೆಯಿತು. ತಂಬಿಗೆ ಹಿಡಿದವಳು ನನ್ನ ಅಜ್ಜಿ. ಫಕ್ರೋದ್ದೀನ ಮುನ್ಶಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಅವನು ಬಾಯಿ ಬಿಡಲಿಲ್ಲ. ಅಂದಿನಿಂದ ಕಾಗದಗಳನ್ನು ಸ್ವಲ್ಪ ಚಿಕ್ಕದಾಗಿ ಬರೆಯತೊಡಗಿದ, ಅಷ್ಟೆ. ಹೀಗೆ ಎರಡು ರಾಜ್ಯಗಳ ನಡುವಿನ ಸಕಲ ಕಾರುಬಾರೂ, ಯಾರ ಅಂಗಳದಲ್ಲೂ ಕಾಲಿಡುವಂತಿಲ್ಲದ ಒಬ್ಬ ಮನುಷ್ಯನ ಬಾಯಿಗೆ ಬಂದು ನಿಂತಿತು. ಪಾಟೀಲರಿಬ್ಬರಿಗೂ ಇದು ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಹೇಳಿಕೊಳ್ಳುವ ಜಾತಿಯವರಲ್ಲ.

ಮೊದಲ ಎರಡು ತಿಂಗಳು ಯಾರು ಯಾರಿಗೆ ಮೊದಲು ಸಲಾಮು ಬರೆಯಬೇಕು ಎನ್ನುವುದರಲ್ಲೇ ಹೋಯಿತು. ಆಮೇಲೆ ಒಂದು ತಿಂಗಳು, ಅಜ್ಜ ಆಶ್ರಯಕ್ಕೆ ಬರಬೇಕಾದರೆ ಗಢಿಯ ಮುಂಬಾಗಿಲಿನಿಂದ ಬರಬೇಕೋ ಹಿಂಬಾಗಿಲಿನಿಂದಲೋ ಎನ್ನುವುದರಲ್ಲಿ ಹೋಯಿತು. ಓಡಿ ಬರುವವನಿಗೆ ಯಾವ ಬಾಗಿಲಾದರೇನು ಎಂದು ಕೇಳುವ ಹೆಂಗಸೊಬ್ಬಳೂ ಆ ಎರಡು ಮನೆಗಳಲ್ಲಿ ಇರಲಿಲ್ಲವೇ ಎಂದು ನನಗೆ ಸಿಟ್ಟು ಬರುತ್ತದೆ.

ಬೇಸಿಗೆಗೆ ಜಾಲಿ ಮರಗಳ ಸರದಿ ಬಂತು. ಮೂರು ಪಾಲು ನಮಗೆ, ಒಂದು ಪಾಲು ನಿಮಗೆ ಎಂದು ಅಜ್ಜ ಬರೆಸಿದ. ಮೂರು ಪಾಲು ನಮಗೆ, ಒಂದು ಪಾಲು ನಿಮಗೆ ಎಂದು ಪಂಢರಿಯೂ ಬರೆಸಿದ. ಆರು ಸಲ ಹೋಗಿ ಬಂದ ಮೇಲೆ, ಚೈತ್ರದ ಬಿಸಿಲಲ್ಲಿ ಮರಳು ಕಾದು ಗೋರಖನಾಥನ ಅಂಗಾಲು ಬೊಬ್ಬೆಯೆದ್ದವು. ಏಳನೆಯ ಸಲ ಅವನು ಆ ದಡದಲ್ಲಿ "ನಮ್ಮ ಪಾಟೀಲ್ರು ಅರ್ಧಕ್ಕ ಒಪ್ಯಾರ್ರಿ" ಎಂದ. ಈ ದಡಕ್ಕೆ ಬಂದು "ಅವ್ರು ಅರ್ಧಕ್ಕ ಇಳದಾರ್ರಿ" ಎಂದ. ಎದುರಿನವನೇ ಸೋತ ಎಂದು ಇಬ್ಬರೂ ಮೀಸೆ ತಿರುವಿದರು.

ಅವನು ಕಾಗದ ತಿದ್ದಿದ್ದು ಅದೇ ಮೊದಲು. "ಅವತ್ತ ರಾತ್ರಿ ಅಂಜಿಕಿಗೆ ನಿದ್ದಿ ಬರಲಿಲ್ರಿ. ಆಮ್ಯಾಲ ಅನಸ್ತು, ಇಷ್ಟು ಸಸಾರ ಇದ್ರ ದಿಲ್ಲಿಯವರಿಗಿ ನಮ್ಮಂಥವ ಒಬ್ಬ ಬೇಕಾಗಿದ್ದ" ಎಂದು ಅವನು ಮುಪ್ಪಿನಲ್ಲಿ ನನಗೆ ಹೇಳಿದ.

ಮರಗಳನ್ನು ಕಡಿಸಿದರು, ಸುಟ್ಟು ಇದ್ದಲು ಮಾಡಿಸಿದರು, ಗಾಡಿಗಟ್ಟಲೆ ಬೀದರಿಗೆ ಹೊಡೆಸಿ ಮಾರಿದರು. ಇದ್ದಲಿಗೆ ಆಗ ಬಂಗಾರದ ಬೆಲೆ. ಅದು ಯಾರ ವಾಹನದ ಹೊಟ್ಟೆಗೆ ಹೋಯಿತು ಎಂದು ಇಬ್ಬರೂ ಕೇಳಲಿಲ್ಲ.

ಆಷಾಢದಲ್ಲಿ ಹೊಳೆ ತುಂಬಿತು. ಅದೇ ಹೊತ್ತಿಗೆ ರಜಾಕಾರರು ಸುತ್ತಲಿನ ಊರುಗಳಿಗೆ ಬಂದ ಸುದ್ದಿ ಒಂದೊಂದಾಗಿ ಬರತೊಡಗಿತು. ಎಲ್ಲೋ ಕಣಜ ಒಡೆದರಂತೆ, ಎಲ್ಲೋ ಮೂವರನ್ನು ಮರಕ್ಕೆ ಕಟ್ಟಿ ಗುಂಡು ಹೊಡೆದರಂತೆ. ಅಜ್ಜನಿಗೆ ಸಲಾಮಿನ ಜಗಳ ಮರೆತುಹೋಯಿತು. ಮಳೆ ನಿಂತ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಭದ್ರತೆಯ ಕಾಗದ ಬರೆಸಿದ.

"ನಮ್ಮ ದಡದಾಗ ಹಲಗಿ ಬಡದ ಕೂಡ್ಲೆ ನಿಮ್ಮ ದೋಣಿ ಬರಬೇಕು. ನಮ್ಮ ಊರವರಿಗಿ ಗಢಿಯೊಳಗ ಜಾಗಾ ಕೊಡಬೇಕು. ನಮ್ಮ ಮನಿಯವರಿಗಿ ಮಾಳಿಗಿ ಕ್ವಾಣಿ ಆಗಬೇಕು. ಬರಕೊಂಡಿರೇನು?"

ಮುನ್ಶಿ ಲೇಖನಿ ಎತ್ತಿದ. "ಕೇರಿಯವರದು ಹ್ಯಾಂಗ್ರಿ ಪಾಟೀಲ ಸಾಬ?"

"ಕೇರಿ ಅಂದ್ರ ಊರು ಹ್ಯಾಂಗ ಆಗ್ತದ? ಅದನ್ನೂ ಬಿಡಿಸಿ ಬರೀರಿ. ಕೇರಿಯವರನ್ನ ಒಳಗ ಕರಕೊಳ್ಳೂದು ಬ್ಯಾಡ ಅಂತ. ಇಲ್ಲಾಂದ್ರ ಗಢಿ ಮೈಲಿಗಿ ಆತು ಅಂತ ಆ ಪಂಢರಿ ನಾಳಿ ನನ್ನ ಮ್ಯಾಲ ಹಾಕ್ತಾನ. ಮತ್ತ ಎಲ್ಲಾರೂ ದಾಟಿ ಮುಗಿಯೂ ತನಕಾ ಹಲಗಿ ಬಾರಿಸಲಾಕ ಗೋರಖ್ಯಾ ಈ ಕಡಿನೇ ಇರಬೇಕಲ್ಲ."

ಗೋರಖನಾಥ ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದ. ಅವನು ಕೇಳಿಸಿಕೊಳ್ಳುತ್ತಾನೆ ಎನ್ನುವುದು ಅಜ್ಜನಿಗೆ ಗೊತ್ತಿರಲಿಲ್ಲ ಎಂದಲ್ಲ. ಕೇಳಿಸಿಕೊಂಡರೆ ಏನಾದೀತು ಎಂದು ಯೋಚಿಸಬೇಕೆಂದೇ ಅವನಿಗೆ ಅನ್ನಿಸಲಿಲ್ಲ. ಇದನ್ನು ಬರೆಯುವಾಗ ನನ್ನ ಮುಖ ಬಿಸಿಯಾಗುತ್ತದೆ. ಆಗಲಿ.

ಮಳೆಗಾಲವೆಂದು ಅಂದು ಕಾಗದವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ನೆಲಕ್ಕೆ ಹಾಕಿದರು. ಗೋರಖನಾಥ ಅದನ್ನು ಹಿಡಿದು ಮೊದಲು ಗುಡಿಸಲಿಗೆ ಹೋದ. ಶೇವಂತಾಬಾಯಿ ಜೋಳ ಬೀಸುತ್ತಿದ್ದಳು. ಕೇಳಿದ್ದನ್ನೆಲ್ಲ ಹೇಳಿದ. ಅವಳು ಬೀಸುವುದನ್ನು ನಿಲ್ಲಿಸಲಿಲ್ಲ.

"ಅಂದ್ರ ನಮ್ಮ ಸಾವು ನೀವೇ ಹೊತಗೊಂಡು ಹೋಗ್ಲತೀರಿ. ಹೊಳ್ಯಾಗ ಒಗೀರಿ ಅದನ್ನ."

"ಒಗದ್ರ ಇನ್ನೊಂದು ಬರಸ್ತಾರ. ಅದನ್ನ ಒಯ್ಯಲಾಕ ನನ್ನ ಬಿಟ್ಟು ಕೇರ್ಯಾಗಿನ ಬ್ಯಾರೆವರನ್ನ ಕಳಸ್ತಾರ."

"ಮತ್ತ ಏನ ಮಾಡ್ತೀರಿ?"

"ಒಯ್ತೇನಿ" ಎಂದ.

ಗಢಿಯ ಮುಂದಿನ ಕರಿಕಲ್ಲಿನ ಮೇಲೆ ಕಾಗದ ಇಟ್ಟ. ಸುಂದರಬಾಯಿ ತಂಬಿಗೆ ಹಿಡಿದು ಬಂದಳು. ಮೇಣದ ಬಟ್ಟೆಯ ಮೇಲೆ ನಾಲ್ಕು ಹನಿ ಚಿಮುಕಿಸಿದಳು. ಹನಿಗಳು ಉರುಳಿ ಕೆಳಗೆ ಬಿದ್ದವು, ಒಳಗಿನ ಅಕ್ಷರಗಳು ಹಾಗೇ ಉಳಿದವು. ಅವಳು ಎತ್ತಿಕೊಳ್ಳಲು ಬಾಗಿದಾಗ ಗೋರಖನಾಥ ಬಾಯಿ ತೆರೆದ.

"ಅವ್ವಾರ, ಒಂದ ಮಾತ್ರಿ. ಮುಚ್ಚಿಟ್ರ ನನಗ ಪಾಪ ಹತ್ತತದ. ನಿನ್ನಿ ಸತ್ತ ಎಮ್ಮಿ ಎಳದೀನ್ರಿ. ಇದೇ ಕೈ. ಈ ಕಾಗದ ಬಟ್ಟಿಯೊಳಗ ಸರಿಯಾಗಿ ಮಡಚಿದ್ದಿಲ್ಲಂತ ಬಿಚ್ಚಿ, ಮತ್ತ ಮಡಚೀನ್ರಿ."

ಸುಂದರಬಾಯಿ ಹಾವು ತುಳಿದವಳಂತೆ ಹಿಂದೆ ಸರಿದಳು. ಕೋಲಿನಿಂದ ಬಟ್ಟೆ ಬಿಡಿಸಿದಳು. ತಂಬಿಗೆಯ ನೀರನ್ನು ಪೂರ್ತಿ ಸುರಿದಳು. ಮನಸ್ಸು ಒಪ್ಪದೆ ಒಳಗೆ ಹೋಗಿ ಇನ್ನೊಂದು ತಂಬಿಗೆ ತಂದು ಸುರಿದಳು. ನನ್ನ ಅಜ್ಜ ಬರೆಸಿದ ನಲವತ್ತೊಂದು ಜನರ ಸಾವು ನೀಲಿಯಾಗಿ ಕರಿಕಲ್ಲಿನ ಮೇಲಿಂದ ಇಳಿದು ತಿಪ್ಪೆಯ ಕಡೆ ಹರಿದು ಹೋಯಿತು. ಆ ಎಮ್ಮೆ ನಿನ್ನೆ ಅಲ್ಲ, ಹದಿನೈದು ದಿನದ ಹಿಂದೆಯೇ ಸತ್ತಿತ್ತು.

ಕಾಶೀರಾಮ ಎಂದಿನಂತೆ ಕಾಗದದಿಂದ ಕಣ್ಣೆತ್ತಿ "ಹೂಂ?" ಎಂದ.

"ಹಲಗಿ ಬಡದ ಕೂಡ್ಲೆ ದೋಣಿ ಬರಬೇಕಂತ್ರಿ. ಪಾಟೀಲರ ಮನಿಯವರಿಗಿ ಮಾಳಿಗಿ ಕ್ವಾಣಿ ಕೊಡಬೇಕಂತ್ರಿ. ಹಲಗಿ ಹಿಂದ ಬಂದವರೆಲ್ಲಾ ಊರವರೇ ಅಂತ ತಿಳಕೊಂಡು ಗಢಿಯೊಳಗ ಕರಕೋಬೇಕಂತ್ರಿ."

"ಕೇರಿಯವರೂ?" ಎಂದು ಪಂಢರಿ ಪಾಟೀಲ ಕೇಳಿದ.

"ಅವರನ್ನೂ ಬಿಡಿಸಿ ಬರಸ್ಯಾರ್ರಿ."

ಪಂಢರಿ ಬಹಳ ಹೊತ್ತು ಎಲೆ ಅಡಿಕೆ ಅಗಿದ. ಆಚೆ ದಡದ ದತ್ತಾತ್ರಿ ಇಷ್ಟು ದೊಡ್ಡ ಮನಸ್ಸು ತೋರಿಸಿರುವಾಗ ತಾನು ಸಣ್ಣವನಾಗುವುದು ಹೇಗೆ. "ಒಪ್ಪಿಗಿ ಅದ ಅಂತ ಬರೀ" ಎಂದ. ಆ ಒಪ್ಪಿಗೆಯ ಕಾಗದ ಈ ದಡಕ್ಕೆ ಬಂದು, ನನ್ನ ಅಜ್ಜಿಯ ತಂಬಿಗೆಯ ಕೆಳಗೆ ಮಿಂದು ನೀಲಿಯಾಯಿತು. ಇವತ್ತು ನಮ್ಮ ಪಡಸಾಲೆಯಲ್ಲಿ ಹಾರ ಹಾಕಿಸಿಕೊಳ್ಳುತ್ತಿರುವುದು ಅದೇ. ಅಜ್ಜನಿಗೆ ಗೋರಖನಾಥ ಒಂದೇ ಮಾತು ಹೇಳಿದ. "ಎಲ್ಲಾ ಒಪ್ಯಾರ್ರಿ ಧಣಿ."

ಸೆಪ್ಟೆಂಬರ್ ಮೊದಲ ವಾರದ ಒಂದು ಮಧ್ಯಾಹ್ನ ಭಾಲ್ಕಿ ಕಡೆಯ ದಾರಿಯಲ್ಲಿ ಹೊಗೆ ಕಂಡಿತು. ರಜಾಕಾರರ ಲಾರಿ. ಪೆಟ್ರೋಲಿಲ್ಲದ ಕಾರಣ ಇದ್ದಲಿನ ಮೇಲೆ ಓಡುತ್ತಿತ್ತು. ಮೈಲಿಗೊಮ್ಮೆ ನಿಲ್ಲುತ್ತಿತ್ತು, ಬಂದೂಕು ಹಿಡಿದವರು ಕೆಳಗಿಳಿದು ಡ್ರಮ್ಮಿಗೆ ಇದ್ದಲು ಸುರಿದು ಗಾಳಿ ತಿರುವುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಬೀದರಿನ ಬಜಾರಿನ ಇದ್ದಲು ಅದು. ಅದರಲ್ಲಿ ನಮ್ಮ ನಡುಗಡ್ಡೆಯ ಜಾಲಿ ಎಷ್ಟಿತ್ತು ಎಂದು ಯಾರೂ ಹೇಳಲಾರರು, ಇರಲಿಲ್ಲ ಎಂದು ನನ್ನ ಮನೆಯವರಂತೂ ಆಣೆ ಮಾಡಲಾರರು. ಅದು ನಿಂತು ನಿಂತು ಬಂದ ಆ ಒಂದೂವರೆ ಗಂಟೆಯೇ ಕಾರಗಾಂವಕ್ಕೆ ಸಿಕ್ಕ ಆಯುಸ್ಸು.

ಗೋರಖನಾಥ ದಡದಲ್ಲಿ ನಿಂತು ಹಲಗೆ ಬಡಿದ. ಆಚೆಯಿಂದ ದೋಣಿ ಹೊರಟಿತು. ಮೊದಲ ಸರದಿಯಲ್ಲಿ ಅಜ್ಜ, ಅಜ್ಜಿ, ಮಕ್ಕಳು, ಎರಡು ಕಬ್ಬಿಣದ ಪೆಟ್ಟಿಗೆ, ಒಂದು ಹಿತ್ತಾಳೆ ಹಂಡೆ. ಹಂಡೆ ಇದ್ದ ಜಾಗದಲ್ಲಿ ಮೂವರು ಕೂರಬಹುದಿತ್ತು. ಆಮೇಲೆ ಊರವರು, ಸರದಿಯ ಮೇಲೆ ಸರದಿ. ಫಕ್ರೋದ್ದೀನ ಮುನ್ಶಿ ಬರಲಿಲ್ಲ, ಸಾಲಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಬಂದವರನ್ನು ಮಾತಿಗೆ ಹಿಡಿದು ಒಂದಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತೇನೆ ಎಂದಿದ್ದನಂತೆ. ನಿಲ್ಲಿಸಿಯೂ ನಿಲ್ಲಿಸಿದ. ಅದಕ್ಕೆ ಅವನ ಕಪಾಳಕ್ಕೆ ಎರಡು ಬಿದ್ದವು.

ಕೊನೆಯ ಎರಡು ಸರದಿ ಕೇರಿಯವರದು. ಈ ಕಡೆಯೇ ಇರಬೇಕೆಂಬ ಅಜ್ಜನ ಮಾತಿಗೆ ದ್ರೋಹವೆಂದರೆ ದ್ರೋಹ, ಗೋರಖನಾಥ ಕೊನೆಯ ದೋಣಿಯಲ್ಲಿ ಹಲಗೆ ಹೆಗಲಿಗೆ ಹಾಕಿಕೊಂಡು ತಾನೂ ಹತ್ತಿದ. ಅಂಬಿಗ ತಡೆಯಲಿಲ್ಲ, ಹಲಗೆಯ ಹಿಂದೆ ಬಂದವರನ್ನೆಲ್ಲ ದಾಟಿಸು ಎಂದು ಅವನಿಗೆ ಪಂಢರಿ ಪಾಟೀಲ ಮೊದಲೇ ಹೇಳಿಟ್ಟಿದ್ದ.

ಆದರೆ ಗಢಿಯ ಬಾಗಿಲು ಮುಚ್ಚಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪೂಜಾರಿ ಮಾಳಿಗೆಯ ಕೋಣೆಯ ಕಿಟಕಿಯಲ್ಲಿ ನಿಂತಿದ್ದ, ನನ್ನ ಅಜ್ಜ.

"ಪಾಟೀಲ್ರೇ, ಅವರನ್ನ ಒಳಗ ಬಿಡಬ್ಯಾಡ್ರಿ. ನಾ ಹಂಗ ಬರಸಿಲ್ಲ."

ಪಂಢರಿ ಪಾಟೀಲ ಬಾಗಿಲಿನ ದಿಡ್ಡಿ ತೆರೆದು ಹೊರಗೆ ಬಂದ. ಆಚೆ ದಡದಲ್ಲಿ ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ನಲವತ್ತೊಂದು ಜನ ಅದನ್ನು ನೋಡಲಿಲ್ಲ, ಬಾಗಿಲು ನೋಡುತ್ತಿದ್ದರು. "ಕಾಗದ ತಾ" ಎಂದು ಪಂಢರಿ ಹೇಳಿದ. ಕಾಶೀರಾಮ ತಗಡಿನ ಡಬ್ಬಿಯಿಂದ ಕಾಗದ ತೆಗೆದು ತಂದ. ಎಲ್ಲರೂ ನೋಡುತ್ತಿದ್ದಾರೆ. ಅವನು ಬಲದಿಂದ ಎಡಕ್ಕೆ ಬೆರಳಾಡಿಸಿದ, ಮತ್ತೆ ಬಲದಿಂದಲೇ ಶುರುಮಾಡಿದ.

"ಓದು ಮತ್ತ" ಎಂದ ಪಂಢರಿ.

"ಇದರಾಗ ಏನೂ ಇಲ್ರಿ. ಯಾವುದರಾಗೂ ಇದ್ದಿಲ್ರಿ. ಎಲ್ಲಾ ಇವನೇ ಹೇಳ್ಯಾನ್ರಿ" ಎಂದ ಕಾಶೀರಾಮ, ಒಂಬತ್ತು ತಿಂಗಳ ಪಟವಾರಿಕೆಯನ್ನು ಒಂದೇ ಉಸಿರಿಗೆ ಹೊಳೆಗೆ ಬಿಟ್ಟು.

ಶೇವಂತಾಬಾಯಿ ಚಿಕ್ಕ ಮಗಳನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡಳು. ಗೋರಖನಾಥ ಹಲಗೆಯನ್ನು ಕೆಳಗಿಟ್ಟ.

"ಖರೇ ಅದರಿ ಧಣಿ. ಸಲಾಮದ ಕಾಗದ ನಾನೇ ಹೇಳೀನಿ, ಜಾಲಿ ಗಿಡದ್ದು ನಾನೇ ಹೇಳೀನಿ, ಮಾಳಿಗಿ ಕ್ವಾಣಿದೂ ನಾನೇ ಹೇಳೀನಿ. ನನ್ನ ಮಾತು ಸುಳ್ಳಾದ್ರ ಎಲ್ಲಾನೂ ಸುಳ್ಳ ಅದರಿ. ಹಂಗಾರ ನಮ್ಮ ಪಾಟೀಲ್ರನ್ನೂ ಹೊರಗ ಕರೀರಿ. ದೋಣಿ ಇನ್ನಾ ದಡದಾಗೇ ಅದ. ಎಲ್ಲಾರನ್ನೂ ಒಮ್ಮಿಗೇ ವಾಪಸ ಕರಕೊಂಡು ಹೋಗ್ತೇನಿ."

ಪಂಢರಿ ಪಾಟೀಲ ಮೇಲೆ ನೋಡಿ "ಏನಂತೀರಿ ದತ್ತಾತ್ರಿ ಪಾಟೀಲ್ರೇ, ಬರಸಿದ್ರೋ ಇಲ್ಲೋ?" ಎಂದು ಕೇಳಿದ.

ಅಜ್ಜ ಕೆಮ್ಮಿದ. "ಬರಸಿದ್ದೆ ಕಾಣಸ್ತದ" ಎಂದ.

ಬಾಗಿಲು ತೆರೆಯಿತು. ಅವರನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿದರು, ಸುಂದರಬಾಯಿ ಅವರು ನಡೆದು ಬಂದ ದಾರಿಗೆ ಎರಡು ಕೊಡ ನೀರು ಹಾಕಿಸಿದಳು. ಅದಿರಲಿ. ನಲವತ್ತೊಂದು ಜನ ಒಳಗೆ ಹೋದರು, ಮರುದಿನ ಲಾರಿ ಹೋದ ಮೇಲೆ ನಲವತ್ತೊಂದು ಜನ ಹೊರಗೆ ಬಂದರು.

ಆಮೇಲೆ ಹದಿಮೂರನೆಯ ತಾರೀಖು ದಿಲ್ಲಿಯ ಫೌಜು ಗಡಿ ದಾಟಿತು. ದೊಡ್ಡವರ ಪತ್ರವ್ಯವಹಾರವೆಲ್ಲ ಐದು ದಿನದಲ್ಲಿ ಮುಗಿಯಿತು. ಬೀದರಿನಲ್ಲಿ ಜಯಕಾರವಾಯಿತು. ಮೊನ್ನೆಯವರೆಗೆ ಗಢಿಯ ಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡಿದ್ದ ನನ್ನ ಅಜ್ಜ ಬಿಳಿ ಟೋಪಿ ಹಾಕಿಕೊಂಡು ಹೊರಗೆ ಬಂದ.

ಈಗ ಬಂದವರು ಬೇರೆ ಗುಂಪಿನವರು. ಕೈಯಲ್ಲಿ ಕೊಡಲಿ, ಬಾಯಲ್ಲಿ ಸೇಡು. ಯಾವನೋ ರಜಾಕಾರ ಮಾಡಿದ್ದಕ್ಕೆ ಮುಸಲ್ಮಾನನಾದ ಯಾವನೋ ಮುನ್ಶಿ ಬೆಲೆ ಕೊಡಬೇಕು ಎನ್ನುವುದು ಅವರ ನ್ಯಾಯ. ಅವರು ಪಕ್ಕದ ಊರಿಗೆ ಬಂದಿದ್ದಾರೆ ಎಂದು ತಿಳಿದಾಗ ಫಕ್ರೋದ್ದೀನ ನನ್ನ ಅಜ್ಜನ ಬಾಗಿಲಿಗೆ ಬಂದ. ಅಜ್ಜ ಪೂಜೆಗೆ ಕೂತಿದ್ದಾನೆ ಎಂದು ಒಳಗಿನಿಂದ ಹೇಳಿದರು. ಮಧ್ಯಾಹ್ನ ಮೂರು ಗಂಟೆಗೆ.

ಮುನ್ಶಿ ತಿರುಗಿ ಹೊರಡುವಾಗ ಬೀದಿಯಲ್ಲಿ ಗೋರಖನಾಥ ಹಲಗೆ ಹೆಗಲಿಗೆ ಹಾಕಿಕೊಂಡು ನಿಂತಿದ್ದ. "ಮಕ್ಕಳನ್ನ ಕರಕೊಂಡು ನನ್ನ ಹಿಂದ ಬರ್ರಿ" ಎಂದ. ದಡದವರೆಗೂ ಹಲಗೆ ಬಡಿಯುತ್ತಲೇ ಹೋದ, ಹಗಲು ಬೆಳಕಿನಲ್ಲಿ, ಇಡೀ ಊರು ನೋಡುವಂತೆ.

ದೋಣಿಯಲ್ಲಿ ಮುನ್ಶಿ ಮೆಲ್ಲಗೆ ಹೇಳಿದ. "ಗೋರಖ, ಆ ಕಾಗದದಾಗ ನಾ ಹಂಗ ಬರದಿದ್ದಿಲ್ಲ. ಪಾಟೀಲರು ಹೇಳಿದ್ದೇ ಬರದಿದ್ದೆ. ನಿಮ್ಮನ್ನ ಬಿಡಬಾರದಂತ ಈ ಕೈಲೇ ಬರದೀನಿ."

"ಗೊತ್ತದರಿ ಮುನ್ಶಿ ಸಾಬ. ಅಲ್ಲೇ ನಿಂತಿದ್ನಲ್ರಿ."

ಗಢಿಯ ಬಾಗಿಲಲ್ಲಿ ಪಂಢರಿ ಪಾಟೀಲ ಅವರನ್ನೆಲ್ಲ ಒಮ್ಮೆ ನೋಡಿದ. ಈ ಸಲ ಗೋರಖನಾಥನನ್ನು ಕೇಳದೆ ಮುನ್ಶಿಯನ್ನೇ ಕೇಳಿದ. "ಕಾಗದ ಬರದವರು ನೀವು. ಹಲಗಿ ಹಿಂದ ಬಂದವರೆಲ್ಲಾ ಊರವರೇ ಅಂತ ಖರೇನೇ ಬರದೀರೇನು?"

"ಬರದೀನ್ರಿ" ಎಂದ ಫಕ್ರೋದ್ದೀನ ಮುನ್ಶಿ. "ಒಂದಕ್ಷರಾನೂ ಹೆಚ್ಚಿಲ್ಲ, ಕಡಿಮಿ ಇಲ್ಲ."

ಅವನು ಹದಿನೆಂಟು ದಿನ ಆ ಗಢಿಯಲ್ಲಿ ಇದ್ದ. ಆಮೇಲೆ ಬೀದರಿಗೆ ಹೋದ, ಕಾರಗಾಂವಕ್ಕೆ ತಿರುಗಿ ಬರಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಜ್ಜನ ಹೆಸರಿನಲ್ಲಿ ಸನ್ಮಾನ ಮಾಡಹೊರಟ ಸಮಿತಿಯವರು ಚೌಕಟ್ಟಿನ ಕಾಗದದಲ್ಲಿ ಏನಿದೆ ಎಂದು ಬರೆದುಕೊಡಿ ಎಂದು ಪಟ್ಟುಹಿಡಿದರು. ದೊಡ್ಡಪ್ಪ ನನ್ನನ್ನು ಬೀದರಿಗೆ ಅಟ್ಟಿದ. "ಆ ಮುದುಕ ಗೋರಖ್ಯಾ ಇನ್ನಾ ಇದ್ದಾನಂತ. ಕರಕೊಂಡು ಬಾ, ನಮ್ಮಪ್ಪ ದಯಾ ಮಾಡಿ ಬರಸಿದ್ದ ಅಂತ ಸ್ಟೇಜಿನ ಮ್ಯಾಲ ಎರಡು ಮಾತು ಹೇಳ್ಲಿ."

ಗೋರಖನಾಥ ಹಿರಿಮಗಳ ಮನೆಯಲ್ಲಿದ್ದ. ಮಗಳು ಸುಭದ್ರಾಬಾಯಿ ಸಾಲಿಯ ಟೀಚರು. ಗೋಡೆಯ ಮೇಲೆ ಬುದ್ಧನ ಪಟ ಇತ್ತು. ನನಗೆ ಕುರ್ಚಿ ಕೊಟ್ಟು ತಾನೂ ಎದುರಿನ ಕುರ್ಚಿಯಲ್ಲಿ ಕೂತ. ನಾನು ಬಂದ ಕೆಲಸ ಹೇಳಿದೆ. ಅವನು ನಕ್ಕ, ಬಹಳ ಹೊತ್ತು ನಕ್ಕ, ಆಮೇಲೆ ಈ ಕಥೆಯೆಲ್ಲ ಹೇಳಿದ. ಕೊನೆಗೆ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟ. ಉರ್ದು ಅಕ್ಷರಗಳು, ಒಂದೂ ಕದಡಿಲ್ಲ. ಗಢಿಯಿಂದ ಹೊರಡುವ ದಿನ ಮುನ್ಶಿ ಬರೆದು ಅವನ ಕೈಯಲ್ಲಿಟ್ಟದ್ದಂತೆ. ಅವನ ಜನ್ಮದಲ್ಲಿ ನೆಲಕ್ಕೆ ಬೀಳದೆ ಕೈಗೆ ಬಂದ ಮೊದಲ ಕಾಗದ.

ನನಗೆ ಉರ್ದು ಬಾರದು. "ಏನು ಬರದದರಿ ಇದರಾಗ?" ಎಂದು ಕೇಳಿದೆ.

"ಹಲಗಿ ಹಿಂದ ಬಂದವರೆಲ್ಲಾ ಊರವರೇ ಅಂತ ಅದ. ಕೆಳಗ ನಮ್ಮ ನಲವತ್ತೊಂದು ಮಂದಿ ಹೆಸರು ಅವ. ಆಮ್ಯಾಲ ಮುನ್ಶಿ ಸಾಬರ ಮನಿಯವರ ಹೆಸರು." ಅವನು ಕಣ್ಣು ಮುಚ್ಚಿ ಹೆಸರುಗಳನ್ನು ಒಂದೊಂದಾಗಿ ಹೇಳಿದ. ನಾನು ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಕೂತಿದ್ದೆ. ಕಾಶೀರಾಮನ ನೆನಪಾಗಿ ಬೆರಳು ತೆಗೆದೆ. ಅದನ್ನು ಬೇರೆ ಯಾರಿಂದಲೂ ಓದಿಸಿ ನೋಡಬೇಕೆಂದು ನನಗೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಶೇವಂತಾಬಾಯಿ ನನಗೆ ಕುಡಿಯಲು ನೀರು ತಂದಳು. ತುಂಬಿದ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ಮದಲ ಆ ಕಾಗದ ಅವರ ಕೈಯಾಗ ಕೊಡ್ರಿ" ಎಂದಳು. "ನಿಮ್ಮ ಮನಿತನದವರ ಕೈಯಾಗ ನೀರು ಬಂದ್ರ ಕಾಗದ ಉಳಿಯೂದಿಲ್ಲ."

ನಾನು ಎದ್ದು ನಿಂತು ಕಾಗದವನ್ನು ಅವನ ಕೈಗೆ ಕೊಟ್ಟೆ. ಆಮೇಲೆ ಅವಳು ಒಳಗೆ ಬಂದು ನನಗೆ ತಂಬಿಗೆ ಕೊಟ್ಟಳು.